ಬಾಣಂತಿ ಕೋಣೆಯ ಸ್ಟವ್ವು

ಬನ್ನಿಮಂಟಪದ ಹತ್ತಿರದ ಒಂದು ವಠಾರ. ಧನುರ್ಮಾಸದ ಚಳಿ. ಬೀದಿ ತುದಿಯಲ್ಲಿ ಸೀಮೆಎಣ್ಣೆ ಗಾಡಿ ನಿಂತಿತ್ತು. ಕೃಷ್ಣಪ್ಪ ಖಾಲಿ ಡಬ್ಬ ಮುಂದಿಟ್ಟ.

"ಏನ್ ಕೃಷ್ಣಪ್ಪೋರೇ, ನಿಮ್ಮನೇಲಿ ಎಣ್ಣೆ ಕುಡೀತಾರಾ? ಮೊನ್ನೆ ತಾನೇ ತುಂಬಿಸ್ಕೊಂಡ್ ಹೋದ್ರಿ!" ಎಂದ ಗಾಡಿಯವನು.

"ಮಗಳು ಬಾಣಂತನಕ್ಕೆ ಬಂದವಳೆ ಕಣಪ್ಪ. ಕೋಣೆ ಬೆಚ್ಚಗಿರ್ಬೇಕಂತೆ. ಹಗಲೂ ರಾತ್ರಿ ಸ್ಟವ್ ಉರೀತದೆ."

ಮಗಳು ಸರೋಜ ಮಲಗಿದ್ದ ಕೋಣೆಗೆ ಒಂದೇ ಬಾಗಿಲು, ಒಂದೇ ಕಿಟಕಿ. ಅವಳ ತಾಯಿ ದೇವಿರಮ್ಮ ಕಿಟಕಿಯ ಸಂದುಗಳಿಗೆಲ್ಲ ಹಳೇ ಸೀರೆ ತುರುಕಿದ್ದಳು. ಮೂಲೆಯಲ್ಲಿ ಬತ್ತಿ ಸ್ಟವ್ ಉರಿಯುತ್ತಿತ್ತು.

"ತುಪ್ಪದ ದುಡ್ಡೆಲ್ಲಾ ಈ ಸ್ಟವ್ವಿಗೇ ಸುರಿದ್ಬುಟ್ಟೆವಲ್ಲೇ. ಬಾಣಂತಿ ಬರೀ ಸಾರಲ್ಲಿ ಉಣ್ಣೋ ಹಂಗಾಯ್ತು," ಎಂದು ಕೃಷ್ಣಪ್ಪ ಗೊಣಗಿದ.

"ತುಪ್ಪ ನಾಳೆ ತರ್ಬೋದು ಕಣ್ರೀ. ಶೀತ ಹತ್ತಿ ಮಗೀಗೆ ಏನಾದ್ರೂ ಆದ್ರೆ ಎಲ್ಲಿಂದ ತರ್ತೀರಿ?"

ಕೃಷ್ಣಪ್ಪ ಎಣ್ಣೆ ಡಬ್ಬವನ್ನು ಬಾಗಿಲಾಚೆ ಇಟ್ಟ. ಗಂಡ ಹೆಂಡತಿ ಹಳ್ಳಿ ಬಿಟ್ಟು ಮೈಸೂರಿಗೆ ಬಂದ ವರ್ಷ ಹುಟ್ಟಿದ ಗಂಡು ಕೂಸು ಮಾಗಿಯ ಶೀತಕ್ಕೇ ಹೋಗಿತ್ತು. ಆ ಭಯ ದೇವಿರಮ್ಮನನ್ನು ಬಿಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಸರೋಜ ಎದ್ದು ಕೂರಲಾರದೆ ಗೋಡೆಗೆ ಒರಗಿದಳು.

"ಅವ್ವ, ತಲೆ ಸಿಡೀತದೆ. ಹೊಟ್ಟೆ ತೊಳಸ್ತದೆ. ಬಾಗ್ಲು ತಗಿಯವ್ವ."

"ಶೀತ ನೆತ್ತಿಗೇರ್ಯದೆ ಕಣ್ ಮಗಾ," ಎಂದು ದೇವಿರಮ್ಮ ಸ್ಟವ್ವಿನ ಬತ್ತಿಯನ್ನು ಇನ್ನೂ ಏರಿಸಿದಳು.

"ಮಗೂನೂ ಹಾಲು ಕುಡೀತಿಲ್ಲ."

"ಬೆಚ್ಚಗೆ ನಿದ್ದೆ ಬಂದದೆ. ಮಲಗ್ಲಿ ಬುಡು."

ಅಷ್ಟರಲ್ಲಿ ಹೆರಿಗೆ ಕೇಂದ್ರದ ನರ್ಸ್ ಭಾನುಮತಿ ಬಾಣಂತಿಯನ್ನು ನೋಡಲು ಬಂದರು. ಕೋಣೆಗೆ ಕಾಲಿಟ್ಟವರೇ ಮಗುವಿನ ಕೆನ್ನೆ ತಟ್ಟಿದರು. ಅದು ಕಣ್ಣು ಬಿಡಲಿಲ್ಲ. ಅದನ್ನು ಬಾಚಿ ಸೆರಗಿನಲ್ಲಿ ಸುತ್ತಿಕೊಂಡು ಅಂಗಳಕ್ಕೆ ಓಡಿದರು.

"ಅಯ್ಯೋ, ಚಳಿಗೆ ಹಿಡೀತಾವ್ರಲ್ಲಪ್ಪ ಹಸುಗೂಸ್ನ!" ದೇವಿರಮ್ಮ ಕೂಗಿಕೊಂಡಳು.

"ಸರೋಜಾ, ನೀನೂ ಹೊರಗೆ ಬಾ! ಕೃಷ್ಣಪ್ಪನವರೇ, ಸ್ಟವ್ ಆರಿಸಿ. ಜಟಕಾ ತನ್ನಿ!"

ಎಳೆಬಿಸಿಲಿನಲ್ಲಿ ಭಾನುಮತಿ ಮಗುವಿನ ಅಂಗಾಲು ಉಜ್ಜುತ್ತಾ ನಿಂತರು. ಸರೋಜ ಗೋಡೆ ಹಿಡಿದುಕೊಂಡು ಹೊರಗೆ ಬಂದು ಕೂತಳು. ಜಟಕಾ ಬಂದು ನಿಲ್ಲುವ ಹೊತ್ತಿಗೆ ಮಗು ಸಣ್ಣಗೆ ನರಳಿತು. ಆಸ್ಪತ್ರೆಯ ದಾರಿಯಲ್ಲಿ ಜೋರಾಗಿ ಅತ್ತಿತು. ಆ ಅಳು ಕೇಳಿದ ಮೇಲೆಯೇ ದೇವಿರಮ್ಮನಿಗೆ ಉಸಿರು ಬಂದದ್ದು.

ಡಾಕ್ಟರು ತಾಯಿ ಮಗು ಇಬ್ಬರನ್ನೂ ಸಂಜೆಯವರೆಗೆ ಇಟ್ಟುಕೊಂಡು ಮನೆಗೆ ಕಳಿಸಿದರು. ಭಾನುಮತಿ ಜೊತೆಗೇ ಬಂದರು. ಆದರೂ ದೇವಿರಮ್ಮನ ಅನುಮಾನ ಹೋಗಿರಲಿಲ್ಲ.

"ನರ್ಸಮ್ಮ, ನಮ್ಮೂರಲ್ಲಿ ಬೆಚ್ಚಗಿಟ್ಟೇ ನನ್ನೂ ಇವಳ್ನೂ ಉಳಿಸ್ಕೊಂಡ್ರು. ಅದು ತಪ್ಪಾ?"

"ತಪ್ಪಲ್ಲ ಅಮ್ಮ. ನಿಮ್ಮೂರಿನ ಬಾಣಂತಿ ಕೋಣೆ ಹೇಗಿತ್ತು, ಸ್ವಲ್ಪ ಹೇಳಿ."

ದೇವಿರಮ್ಮನ ಮುಖ ಅರಳಿತು. "ಬಚ್ಚಲಿಗೆ ಅಂಟ್ಕೊಂಡಿದ್ದ ಕೋಣೆ ಕಣಮ್ಮ. ಆಚೆ ನಮ್ಮವ್ವ ಹಂಡೆ ಒಲೆಗೆ ತೆಂಗಿನ ಮಟ್ಟೆ ಒಟ್ಟೋಳು. ಈಚೆ ಮಣ್ಣಿನ ಗೋಡೆ ಸಂಜೇ ಗಂಟ ಬೆಚ್ಚಗಿರೋದು. ನಾನು ಬೆನ್ನು ಕೊಟ್ಕೊಂಡು ಕೂತ್ರೆ ಅವ್ವ ಗೋಡೆ ಆಚೆಯಿಂದ್ಲೇ ಊರ ಸುದ್ದಿಯೆಲ್ಲಾ ಹೇಳೋಳು. ಹೆಂಚಿನ ಸಂದೀಲಿ ಬಿಸಿಲುಕೋಲು ಬೀಳೋದು. ಸಾಂಬ್ರಾಣಿ ಹೊಗೆ ಅದನ್ನೇ ಹತ್ಕೊಂಡು ಮ್ಯಾಕ್ ಹೋಗೋದು…"

ಅಲ್ಲಿಗೆ ಅವಳ ಮಾತು ನಿಂತಿತು. ತಲೆಯೆತ್ತಿ ತಾರಸಿ ನೋಡಿದಳು. ಅದರಲ್ಲಿ ಒಂದು ಸಂದೂ ಇರಲಿಲ್ಲ.

"ಬೆಂಕಿ ಗೋಡೆ ಆಚೆ ಇತ್ತು," ಎಂದಳು ಮೆಲ್ಲಗೆ.

"ಇಲ್ಲಿ ಒಳಗೇ ಬಂದು ಕೂತಿದೆ," ಎಂದರು ಭಾನುಮತಿ. "ಮುಚ್ಚಿದ ಕೋಣೆಯಲ್ಲಿ ಸ್ಟವ್ವಾಗಲಿ ಕೆಂಡವಾಗಲಿ ಉರಿದರೆ ವಿಷಗಾಳಿ ತುಂಬುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ವಾಂತಿ, ಮಂಪರು ಬಂದರೆ ತಕ್ಷಣ ಹೊರಗೆ ಬರಬೇಕು."

"ಹಂಗಾರೆ ಚಳೀಗೆ ಏನ್ ಮಾಡ್ಲಿ?"

"ಬೆಳಗಿನ ಬಿಸಿಲು ಕಾಯಿಸಿ. ಮಗೂಗೆ ಕುಲಾವಿ ಹಾಕಿ. ಬಿಸಿನೀರಿನ ಬಾಟಲಿಯಿಂದ ಹಾಸಿಗೆ ಬೆಚ್ಚಗೆ ಮಾಡಿ, ಬಾಟಲಿ ತೆಗೆದುಬಿಟ್ಟು ಆಮೇಲೆ ಮಲಗಿಸಿ. ಎಲ್ಲಕ್ಕಿಂತ ಬೆಚ್ಚಗಿರೋದು ತಾಯಿಯ ಎದೆ. ಎಷ್ಟು ಹೊತ್ತು ಬೇಕಾದರೂ ಅಪ್ಪಿಕೊಂಡಿರಲಿ."

"ಅದಕ್ಕೆ ಸೀಮೆಎಣ್ಣೆ ಬ್ಯಾಡ ಕಣೇ, ತುಪ್ಪ ಹಾಕಿದ್ರಾಯ್ತು!" ಎಂದ ಕೃಷ್ಣಪ್ಪ. ಸರೋಜ ಬೆಳಗಿನಿಂದ ಮೊದಲ ಬಾರಿಗೆ ನಕ್ಕಳು.

ದೇವಿರಮ್ಮ ನಗಲಿಲ್ಲ. ಎದ್ದು ಹೋಗಿ ಕಿಟಕಿಯ ಸಂದಿನಿಂದ ಸೀರೆಯ ಚೂರುಗಳನ್ನು ಒಂದೊಂದಾಗಿ ಎಳೆದು ಹಾಕಿದಳು. ತಣ್ಣನೆಯ ಗಾಳಿ ಒಳಗೆ ಬಂತು. ಹಿಂದೆ ತಿರುಗಿ ನೋಡಿದಳು. ಮೊಮ್ಮಗು ತಾಯಿಯ ಎದೆಗೆ ಕಚ್ಚಿಕೊಂಡು ಚಪ್ಪರಿಸುತ್ತಾ ಹಾಲು ಕುಡಿಯುತ್ತಿತ್ತು.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ತಾಯಂದಿರೇ, ಹಿರಿಯರ ಆರೈಕೆಯನ್ನು ಹಳಿಯಲು ಈ ಕಥೆ ಹೇಳಲಿಲ್ಲ. ಅವರು ಮಗುವನ್ನು ಬೆಚ್ಚಗೂ ಇಟ್ಟಿದ್ದರು, ಉಸಿರಾಡಲು ದಾರಿಯನ್ನೂ ಬಿಟ್ಟಿದ್ದರು. ನಮ್ಮ ಈಗಿನ ಮನೆಗಳಲ್ಲಿ ಆ ದಾರಿಯನ್ನು ನಾವೇ ಬಿಡಬೇಕು. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಬಾಣಂತಿ ಇದ್ದರೆ ಈಗಲೇ ಎದ್ದು ಹೋಗಿ ನೋಡಿ. ಮುಚ್ಚಿದ ಕೋಣೆಯಲ್ಲಿ ಸ್ಟವ್ ಉರಿಯುತ್ತಿದ್ದರೆ, ದಯವಿಟ್ಟು, ಮೊದಲು ಬಾಗಿಲು ತೆರೆಯಿರಿ.