ಪೊಲಿಕ್ಸೇನಿ ಬಾಯಿ ಮುಚ್ಚಿದ ದಿನ

ಒಲಿಂಪಸ್ ಬೆಟ್ಟದ ಬುಡದ ಆ ಊರಿನಲ್ಲಿ ಪೊಲಿಕ್ಸೇನಿಯ ಬಾಯಿಗೆ ಹೆದರದವರಿಲ್ಲ. ಪಾದ್ರಿಯೇ ಅವಳ ಅಂಗಳ ಕಂಡರೆ ಬಳಸಿಕೊಂಡು ಹೋಗುತ್ತಾನೆ. ಅಂಥವಳು ಇವತ್ತು ತುಟಿ ಬಿಚ್ಚುವಂತಿಲ್ಲ.

ಹೂವಿನ ತಿಂಗಳ ಹನ್ನೆರಡನೇ ದಿನ, ಡಯೊನೈಸಸ್ ದೇವರ ಹೊಸ ದ್ರಾಕ್ಷಾರಸದ ಹಬ್ಬ. ಹಳೆಯ ದೇವರುಗಳ ಕಡೆಗೆ ಮರಳಿದ ಹನ್ನೊಂದು ಮನೆಯವರು ಚಂದ್ರನನ್ನು ನೋಡಿ ದಿನ ಎಣಿಸಿ, ಪೊಲಿಕ್ಸೇನಿಯ ಅಂಗಳದಲ್ಲಿ ಸೇರಿ ಇದನ್ನು ಮಾಡುತ್ತಾರೆ. ಕಹಳೆ ಊದಿದ ಮೇಲೆ ಪ್ರತಿಯೊಬ್ಬರೂ ತಂತಮ್ಮ ಹೂಜಿಯನ್ನು ಮಾತಿಲ್ಲದೆ ಬರಿದು ಮಾಡಬೇಕು. ಮೂರು ವರ್ಷ ತುಂಬಿದ ಮಗುವಿಗೆ ಅಂದೇ ಹೂವಿನ ಕಿರೀಟ. ಅಷ್ಟು ದಿನ ಬದುಕಿ ಉಳಿದ ಕೂಸು ಇನ್ನು ಅರಳಿದಂತೆಯೇ ಎಂಬ ನಂಬಿಕೆ. ಮೌನ ಕಾದು ಹೂಜಿ ಮುಗಿಸಿದರೆ ಅಜ್ಜಿಯೇ ಕಿರೀಟ ತೊಡಿಸಬಹುದು. ಒಂದು ಮಾತು ಜಾರಿತೋ, ಆ ಭಾಗ್ಯ ಬೇರೆಯವರ ಪಾಲು. ಪೊಲಿಕ್ಸೇನಿಗೆ ಇರುವವಳು ಒಬ್ಬಳೇ ಮೊಮ್ಮಗಳು, ಕ್ಲಿಯೊ. ಮೂರು ವರ್ಷ ಎರಡು ಸಲ ತುಂಬುವುದಿಲ್ಲ.

"ಅಮ್ಮಾ, ನಿನ್ ಕೈಲಾಗಲ್ಲ ಬಿಡು," ಎಂದು ಮಗ ಕಿಚಾಯಿಸಿದ. ಅಷ್ಟರಲ್ಲಿ ಕಹಳೆ ಮೊಳಗಿತು. ಇಲ್ಲದಿದ್ದರೆ ಅವನಿಗೆ ಸರಿಯಾಗಿ ಬೀಳುತ್ತಿತ್ತು.

ಅರ್ಧ ಹೂಜಿ ಇಳಿದಿತ್ತೋ ಇಲ್ಲವೋ, ಬೇಲಿಯ ಬಾಗಿಲು ತಳ್ಳಿಕೊಂಡು ಸೊಸೆಯ ತಾಯಿ ಸ್ಟಮಾಟಿಯಾ ಬಂದಳು. ಚರ್ಚಿನಲ್ಲಿ ದೀಪ ಹಚ್ಚದೆ ಬಾಯಿಗೆ ನೀರು ಹಾಕದವಳು. ಇವತ್ತಿನ ಕಟ್ಟಳೆ ತಿಳಿದುಕೊಂಡೇ ಬಂದಿದ್ದಳು.

"ಏನ್ ಬೀಗಿತ್ತಿಯವ್ರೇ, ನಿಮ್ ಕಲ್ಲುದೇವ್ರು ನಾಲಿಗೆ ಕಿತ್ಕೊಂಡ್ನಾ?"

ಪೊಲಿಕ್ಸೇನಿ ಒಂದು ಗುಟುಕು ನುಂಗಿದಳು.

"ಮಗು ತಲೆಗೆ ಸೊಪ್ಪು ಕಟ್ತೀರಂತೆ. ಅವಳೇನು ಮೇಕೆನಾ?"

ಇನ್ನೊಂದು ಗುಟುಕು. ಹಣೆಯ ನರ ಉಬ್ಬಿತು.

"ಇದು ದ್ರಾಕ್ಷಾರಸನಾ? ಇದ್ರಲ್ಲಿ ನಾವು ಪಾತ್ರೆ ತೊಳೀತೀವಿ!"

ಅದು ಎದೆಗೇ ನಾಟಿತು. ಆ ರಸ ಕೊಟ್ಟ ಬಳ್ಳಿಗಳನ್ನು ನೆಟ್ಟವನು ಅವಳ ಸತ್ತ ಗಂಡ. ಏಳು ಉತ್ತರಗಳು ನಾಲಿಗೆಯ ತುದಿಗೆ ನುಗ್ಗಿ ಬಂದವು, ಒಂದಕ್ಕಿಂತ ಒಂದು ಚೂಪು. ಅಂಗಳವೆಲ್ಲ ಅವಳನ್ನೇ ನೋಡಿತು.

ಆಗ ಈ ಮೌನ ಹುಟ್ಟಿದ ಕತೆ ನೆನಪಾಯಿತು. ಕೊಲೆಯ ಕಳಂಕ ಹೊತ್ತಿದ್ದರಿಂದ ಯಾರೂ ಜೊತೆಗೆ ಕೂರಲೊಲ್ಲದ ಅತಿಥಿಯೊಬ್ಬ ಹಿಂದೆ ಇದೇ ದಿನ ಬಂದಿದ್ದನಂತೆ. ಅವನೊಬ್ಬನನ್ನೇ ದೂರ ಇಟ್ಟರೆ ಅವಮಾನವೆಂದು ರಾಜ ಎಲ್ಲರಿಗೂ ಬೇರೆ ಬೇರೆ ಹೂಜಿ ಕೊಟ್ಟು, ಯಾರೂ ಮಾತಾಡಕೂಡದು ಎಂದನಂತೆ. ಇಪ್ಪತ್ತು ವರ್ಷ ಊರಿಗೆಲ್ಲ ಈ ಕತೆ ಹೇಳಿದವಳಿಗೆ ಅದು ಅರ್ಥವಾದದ್ದು ಈಗ. ತನ್ನ ಪಕ್ಕದ ಪೀಠವನ್ನು ಕಾಲಿನಿಂದ ಸ್ಟಮಾಟಿಯಾಳ ಕಡೆಗೆ ನೂಕಿದಳು.

ಒಂದೇ ಕೈಯಲ್ಲಿ ಚಪ್ಪಾಳೆ ಎಷ್ಟು ಹೊತ್ತು? ಸ್ಟಮಾಟಿಯಾ ಇನ್ನೆರಡು ಬೈದಳು, ತೊದಲಿದಳು, ಕೊನೆಗೆ ಕೂತಳು.

ಪೊಲಿಕ್ಸೇನಿ ಉಳಿದದ್ದನ್ನೂ ಕುಡಿದು ಹೂಜಿಯನ್ನು ಎತ್ತಿ ಬೋರಲು ಹಾಕಿದಳು. ಒಂದು ಹನಿಯೂ ಬೀಳಲಿಲ್ಲ. ಅಂಗಳ ಹೋ ಎಂದು ಕೂಗಿತು; ಮಗ ಟೋಪಿಯನ್ನು ಮಾಳಿಗೆಗೆ ಎಸೆದ. ಅವಳು ಮೊಮ್ಮಗಳಿಗೆ ಕಿರೀಟ ತೊಡಿಸಿದಳು. ಅದು ಜಾರಿ ಕ್ಲಿಯೊಳ ಮೂಗಿನ ಮೇಲೆ ಕೂತಿತು.

"ಅಯ್ಯೋ, ಹಾಗಲ್ಲ!" ಸ್ಟಮಾಟಿಯಾ ಎದ್ದು ಬಂದಳು. ತನ್ನ ತಲೆವಸ್ತ್ರದ ಪಿನ್ನು ಕಿತ್ತು ಮಗುವಿನ ಕೂದಲಿಗೆ ಹೂವನ್ನು ಭದ್ರವಾಗಿ ಸಿಕ್ಕಿಸಿದಳು. ಆಮೇಲೆ, ಬೀಗಿತ್ತಿಯ ಮುಖ ನೋಡದೆಯೇ, "ಬರೋ ವರ್ಷ ನಂಗೂ ಒಂದು ಹೂಜಿ ಇಡು. ನಿನಗಿಂತ ಮೊದ್ಲು ಮುಗಿಸ್ತೀನಿ," ಎಂದಳು.

"ನೀನಾ? ಬಾಯಿ ಮುಚ್ಕೊಂಡಾ?"

ಕಹಳೆ ಮೊಳಗಿದ ಮೇಲೆ ಪೊಲಿಕ್ಸೇನಿ ಆಡಿದ ಮೊದಲ ಮಾತು ಅದು.