ಪಾದ್ರಿ ಕೇಳಿದ ಕ್ಷಮೆ

ಬಿರುಗಾಳಿಯ ಎಚ್ಚರಿಕೆಯಿದ್ದರೂ ದೋಣಿ ಮಾಲೀಕ ಕಡಲಿಗೆ ಅಟ್ಟಿದ ಮೂವರು ಹೆಣವಾಗಿ ದಡ ಸೇರಿದ್ದರು. ಭಾನುವಾರ ಚರ್ಚಿನ ಬಲಿಪೂಜೆಯಲ್ಲಿ ಪಾದ್ರಿ ಮುಲಾಜಿಲ್ಲದೆ, "ಇದು ದೇವರ ಚಿತ್ತವಲ್ಲ, ಮಾಲೀಕರ ದುರಾಸೆ" ಎಂದುಬಿಟ್ಟರು. ಮುಂದಿನ ಸಾಲಿನಲ್ಲಿದ್ದ ಮಾಲೀಕ ಎದ್ದು ನಡೆದ. ಮರುದಿನದಿಂದ ಅವನ ಒಂದು ದೋಣಿಯೂ ನೀರಿಗಿಳಿಯಲಿಲ್ಲ.

ವಾರದೊಳಗೆ, ಸತ್ತವನೊಬ್ಬನ ಹೆಂಡತಿಯೇ ಪಾದ್ರಿಯ ಬಾಗಿಲಿಗೆ ಬಂದಳು.

"ಫಾದರ್, ನೀವು ಹೇಳಿದ್ದು ಸುಳ್ಳಲ್ಲ. ಆದ್ರೆ ಯಾರ ಮನೇಲೂ ಒಲೆ ಉರೀತಿಲ್ಲ. ತಪ್ಪಾಯ್ತು ಅಂದ್ಬಿಡಿ."

"ನಿನ್ನ ಗಂಡನನ್ನ ಕೊಂದವನಿಗೆ ನಾನು ತಪ್ಪಾಯ್ತು ಅನ್ಲಾ, ತಾಯಿ?"

"ಅವ್ರಂತೂ ಹೋದ್ರು. ಈಗ ಮೈದುನ ದುಡಿದ್ರೇನೇ ನಮಗೆ ಊಟ."

ಮುಂದಿನ ಭಾನುವಾರ ಪಾದ್ರಿ ಎಲ್ಲರೆದುರು ಕ್ಷಮೆ ಕೇಳಿದರು. ಮಾಲೀಕ ದೊಡ್ಡ ಮನಸ್ಸಿನವನಂತೆ ತಲೆಯಾಡಿಸಿದ. ಪರಮಪ್ರಸಾದಕ್ಕೆ ಎಲ್ಲರಿಗಿಂತ ಮೊದಲು ಬಂದು ನಾಲಿಗೆ ಚಾಚಿದ. ಪಾದ್ರಿ ಹಲ್ಲು ಕಚ್ಚಿಕೊಂಡು ಕೊಟ್ಟರು.