ಪ್ರಣಾಲಿಯ ಕೈಯಲ್ಲಿ ಕಲಮ

"ಕೈ ಮುಚ್ಕೋ ಏ ಹಲ್ಕಟ್! ಹೆಣ ಸುಟ್ಟು ಬಂದಾಕಿ ಹಂಗ ಕೈ ಮಾಡ್ಕೊಂಡು ನಿಂತಾಳ ನೋಡು!"

ವೈಜಿನಾಥ ಶೇಟ ಎಸೆದ ರಬ್ಬರ್ ಕೈಗವಸು ಶಾಲುಬಾಯಿಯ ಎದೆಗೆ ಬಡಿದು ಕೆಳಗೆ ಬಿತ್ತು. ಅವಳು ಬಗ್ಗಿ ಎತ್ತಿಕೊಂಡಳು. ಹಾಕಿಕೊಳ್ಳಲು ಹೋದರೆ ಬೆರಳು ಒಳಗೆ ಇಳಿಯಲೊಲ್ಲವು. ಬಿಸಿ ಬಿದರಿ ತಗಡಿಗೆ ಕೋಟೆಯ ಮಣ್ಣು, ನವಸಾಗರ ಹಚ್ಚಿ ತಿಕ್ಕಿ ತಿಕ್ಕಿ ಅವಳ ಗೆಣ್ಣುಗಳು ಗಂಟು ಕಟ್ಟಿದ್ದವು. ತಗಡು ಕಪ್ಪಾಗಬೇಕು, ಬೆಳ್ಳಿ ಬಿಳಿಯಾಗಿಯೇ ಉಳಿಯಬೇಕು, ಅದು ಅವಳ ಕೆಲಸ. ನಡುವೆ ಕೈಯೂ ಕಪ್ಪಾಗಿತ್ತು. ಅದನ್ನು ತೊಳೆಯುವ ಸಾಬೂನು ಬೀದರಿನ ಯಾವ ಅಂಗಡಿಯಲ್ಲೂ ಇರಲಿಲ್ಲ.

"ನಾಳಿ ಮುಂಜಾನಿ ಎಲ್ಲಾರೂ ಹಾಕ್ಕೋಬೇಕು. ಕಂಪನಿಯವರು ಹೋದ ಮ್ಯಾಲ ತೊಳದು ವಾಪಸ್ ಕೊಡಬೇಕು. ಹರದ್ರ ಚರ್ಮ ಸುಲಿತೇನಿ," ಎಂದ ಶೇಟ.

ಹೂಜಿ, ತಟ್ಟೆ, ಡಬ್ಬಿ ಮಾಡುತ್ತಿದ್ದ ಈ ಕಾರ್ಖಾನೆಗೆ ಎರಡು ವರ್ಷದಿಂದ ಪರದೇಶದ ಒಂದು ಗಡಿಯಾರ ಕಂಪನಿಯ ಕೆಲಸ ಸಿಕ್ಕಿತ್ತು. ಶ್ರೀಮಂತರು ಕಟ್ಟುವ ಗಡಿಯಾರ. ಅದರ ಮುಳ್ಳಿನ ಹಿಂದೆ ಕೂರುವ ಕಪ್ಪು ಬಿಲ್ಲೆ ಇಲ್ಲಿಂದ ಹೋಗುತ್ತಿತ್ತು. ಅದರ ಮೇಲೆ ಕೂದಲಿನಷ್ಟು ಸಣ್ಣ ಬೆಳ್ಳಿಯ ಬಳ್ಳಿ. ತಮ್ಮ ಗಡಿಯಾರದಿಂದ ನೀರು ಕೆಡಬಾರದು, ಮಣ್ಣು ಕೆಡಬಾರದು, ಯಾವ ಮಗುವೂ ದುಡಿಯಬಾರದು ಎಂದು ಆ ಕಂಪನಿ ಜಗತ್ತಿಗೆಲ್ಲ ಸಾರಿಕೊಂಡಿತ್ತು. ಅದನ್ನು ನೋಡಿಕೊಂಡು ಹೋಗಲು ನಾಳೆ ಕಂಪನಿಯ ಪರದೇಶಿ ಮೇಡಂ ಬರುವವಳಿದ್ದಳು.

"ಈಗ ಹೇಳು. 'ನಿನ್ನ ಮಗಳು ಏನ್ ಮಾಡ್ತಾಳ?' ಅಂತ ಮೇಡಂ ಕೇಳ್ತಾಳ."

"ಇಲ್ಲೇ ಕಲಮ ಹಿಡಕೊಂಡು..."

"ನಿಮ್ಮವ್ವನ! ಏನಂತ ಬಾಯಿಪಾಠ ಮಾಡ್ಸಿದ್ದೆ?"

"ಸಾಲಿಗಿ ಹೋಗ್ತಾಳ್ರಿ."

"ಇನ್ನೊಮ್ಮಿ."

"ಸಾಲಿಗಿ ಹೋಗ್ತಾಳ್ರಿ ಶೇಟರ."

"ನಗ್ಕೋತ ಹೇಳು. ಸತ್ತ ಎಮ್ಮಿ ಹಂಗ ಮಾರಿ ಮಾಡಬ್ಯಾಡ."

ಬಿದರಿ ಕೆಲಸದಲ್ಲಿ ಕೆತ್ತುವ ಉಳಿಗೆ ಕಲಮ ಅನ್ನುತ್ತಾರೆ. ಕಾರ್ಖಾನೆಯ ಮೂಲೆಯಲ್ಲಿ, ಕಿಟಕಿಯ ಬೆಳಕಿಗೆ, ಶಾಲುಬಾಯಿಯ ಮಗಳು ಪ್ರಣಾಲಿ ಆ ಮಾತೆಲ್ಲ ಕೇಳುತ್ತ ಕಲಮ ಹೊಡೆಯುತ್ತಿದ್ದಳು. ಹನ್ನೆರಡು ತುಂಬಿದ ಹುಡುಗಿ. ಕೆತ್ತನೆಯ ಉಸ್ತಾದ ರಶೀದ ಅಹ್ಮದರ ಕಣ್ಣಿಗೆ ಪೊರೆ ಬಂದ ಮೇಲೆ ಗಡಿಯಾರದ ಸಣ್ಣ ಬಳ್ಳಿ ಬಿಡಿಸುವುದು ಅವಳ ಸಣ್ಣ ಬೆರಳಿಗೆ ಮಾತ್ರ ಸಾಧ್ಯವಾಗಿತ್ತು. ಹಾಗಾಗಿ ಶೇಟನಿಗೆ ಅವಳು ಬೇಕು, ಆದರೆ ಕಾಣಬಾರದು.

ಅಂಗಳದಲ್ಲಿ ನೀಲಿ ಡ್ರಮ್ಮಿಗೆ ಹೊಸ ಬಣ್ಣ ಬಳಿಯುತ್ತಿದ್ದರು. ತಗಡು ತೊಳೆದ ವಿಷದ ನೀರು ಅದರಲ್ಲಿ ಸೋಸಿ ಶುದ್ಧವಾಗುತ್ತದೆಂದು ಬರೆದಿತ್ತು. ಅದಕ್ಕೆ ಯಾರೂ ಒಂದು ತಂಬಿಗೆ ನೀರು ಹಾಕಿದವರಲ್ಲ. ನೀರೆಲ್ಲ ಗೋಡೆಯ ಕೆಳಗಿನ ಪೈಪಿನಿಂದ ಹಾದು ಹಿಂದೆ ಕೂಲಿಯವರ ಖೋಲಿಗಳ ಮುಂದಿನ ಮೋರಿಗೆ ಹೋಗುತ್ತಿತ್ತು. ಪೈಪಿನ ಬಾಯಿಗೆ ಗೋಣಿಚೀಲ ತುರುಕಿ, ಅದರ ಮುಂದೆ ತುಳಸಿ ಕುಂಡ ಇಟ್ಟರು.

"ಹೋದ ಸಲ ಆ ಮೇಡಂ ಕಿಲ್ಲೆದ ಮಣ್ಣ ಅಂಗೈಯಾಗ ಹಿಡ್ಕೊಂಡು, 'ಈ ಮಣ್ಣ ತೀರಿ ಹೋದ್ರ ಹ್ಯಾಂಗ?' ಅಂತ ಕೇಳಿದ್ಳು," ಎಂದಳು ಪಕ್ಕದಲ್ಲಿ ತಿಕ್ಕುತ್ತಿದ್ದ ಇಮಾಮಬೀ. "ನಿನ್ನ ಗಂಡ ಅಲ್ಲೇ ಬಾಜೂಕ ಕೆಮ್ಮಲತ್ತಿದ್ದ. ಅಂವ ತೀರಿ ಹೋದ್ರ ಹ್ಯಾಂಗ ಅಂತ ಕೇಳಲಿಲ್ಲ ನೋಡವ್ವ!"

ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಶಾಲುಬಾಯಿಗೂ ನಗು ಬಂತು.

*

ಸಂಜೆ ಖೋಲಿಯಲ್ಲಿ ಪ್ರಣಾಲಿ ಶಾಲೆಯ ಬಟ್ಟೆ ಹಾಕಿಕೊಂಡು ನಿಂತಳು. ಶೇಟನ ಆಳು ತಂದುಕೊಟ್ಟಿದ್ದ. ಬಿಳಿ ಅಂಗಿಯ ಕಿಸೆಯ ಮೇಲೆ ಶಾಲೆಯ ಬಿಲ್ಲೆ ಕಿತ್ತು ತೆಗೆದ ಗುರುತು ಮಾತ್ರ ಇತ್ತು. ಯಾವ ಶಾಲೆ ಎಂದು ಯಾರೂ ಕೇಳದಿರಲಿ ಎಂದು. ಕೂಲಿಕಾರರ ಮಕ್ಕಳನ್ನು ಓದಿಸಲು ಕಂಪನಿ ಕಳಿಸುತ್ತಿದ್ದ ಹಣ ಶೇಟನ ಕೈ ಸೇರುತ್ತಿತ್ತು. ಹಾಗಾಗಿ ತೋರಿಸಲು ಓದುವ ಒಂದು ಮಗು ಬೇಕಾಗಿತ್ತು.

"ಛಲೋ ಕಾಣಸ್ತದ ಏನಪ್ಪ?" ಎಂದಳು.

ಅಪ್ಪ ಪಂಢರಿ ಗೋಡೆಗೆ ಒರಗಿ ಕೂತಿದ್ದ. "ಕಲೆಕ್ಟರ್ ಮಗಳು ಕಂಡಂಗ ಕಾಣ್ತಿ," ಎಂದ. ಅಷ್ಟು ಹೇಳಲು ಎರಡು ಸಲ ಉಸಿರು ತೆಗೆದುಕೊಂಡ.

ಸತು ಕರಗಿಸುವ ಕುಲುಮೆಯ ಮುಂದೆ ಕೂತು ಅವನ ಎದೆ ಹೋಗಿತ್ತು. ಅವನು ಕೆಲಸ ಬಿಟ್ಟ ದಿನ ಶೇಟ ಖೋಲಿಯ ಬಾಗಿಲಿಗೆ ಬಂದಿದ್ದ. "ಈ ಖೋಲಿ ನಾಕು ಕೈಗಿ ಕೊಟ್ಟದ್ದು, ಶಾಲು. ಎರಡು ಕೈಗಿ ಅಲ್ಲ," ಎಂದಿದ್ದ. ಮರುದಿನ ಪ್ರಣಾಲಿ ಆರನೆಯ ತರಗತಿ ಬಿಟ್ಟಳು. ಊರಿಗೆ, ಭಾಲ್ಕಿ ಕಡೆಯ ಸಾಯಗಾಂವಿಗೆ, ಹೋಗೋಣವೆಂದರೆ ಅಲ್ಲಿದ್ದ ಗುಡಿಸಲಿನಲ್ಲಿ ಮೈದುನ ಆಡು ಕಟ್ಟಿದ್ದ. ಔರಾದಿನ ತವರಿನಲ್ಲಿ ಅಣ್ಣನ ಹೆಂಡತಿ ಎರಡನೆಯ ದಿನಕ್ಕೇ ಬಸ್ಸಿನ ವೇಳೆ ಹೇಳುತ್ತಿದ್ದಳು.

"ನಾಳಿ ನಾ ಹೇಳ್ತೇನಿ ನೋಡ್ರಿ," ಎಂದಳು ಶಾಲುಬಾಯಿ.

"ಏನ್ ಹೇಳ್ತಿ?"

"ಖರೆ ಇದ್ದದ್ದು. ಹೋದ ಸಲ ಶೇಟನೇ ಎಲ್ಲಾ ತಿರುಗಿಸಿ ಹೇಳ್ದ. ಈ ಸಲ ಕಂಪನಿಯವರು ಬೆಂಗಳೂರಿನಿಂದ ಕನ್ನಡ ಬಲ್ಲ ಹುಡುಗಿ ಕರ್ಕೊಂಡು ಬರ್ಲತ್ತಾರಂತ. ನನ್ನ ಮಾತು ನೆಟ್ಟಗ ಆ ಮೇಡಂ ಕಿವಿಗಿ ಹೋಗ್ತದ."

"ಹೇಳಿದ್ರ ಖೋಲಿ ಹೋಗ್ತದ ಶಾಲು."

"ಹೇಳಲಿಲ್ಲಂದ್ರ ಕೂಸು ಹೋಗ್ತದ."

ನಡುಗೋಡೆ ತಗಡಿನದು. ಆಚೆ ಖೋಲಿಯಿಂದ ಇಮಾಮಬೀ ಕೂಗಿದಳು: "ಅರೆ ಶಾಲು, ಹೇಳವಾಗ ನಮ್ಮನ್ನೂ ನೆನಸು! ಗಡಿಯಾರದ ಕೆಲಸ ಬಂದ್ ಆದ್ರ ನಮ್ಮ ಎಲ್ಲಾರ ಒಲಿ ಆರ್ತದ." ಅವಳೇ ಮತ್ತೆ ಸಣ್ಣ ದನಿಯಲ್ಲಿ, "ನಿನ್ನ ಕೂಸು. ನಾ ಏನ್ ಹೇಳಲಿ," ಎಂದಳು.

ಪ್ರಣಾಲಿ ಅಂಗಿ ಬಿಚ್ಚಿ, ಮಡಿಕೆ ಕೆಡದ ಹಾಗೆ ಮಡಚಿದಳು.

*

ಮೇಡಂ ಒಳ್ಳೆಯ ಹೆಂಗಸಿನ ಹಾಗೆ ಕಂಡಳು. ಚಪ್ಪಲಿ ಹೊರಗೆ ಬಿಟ್ಟು ಬಂದಳು. ಎಲ್ಲರಿಗೂ ಕೈ ಮುಗಿದಳು. ನೀಲಿ ಡ್ರಮ್ಮಿನ ಫೋಟೊ ತೆಗೆದುಕೊಂಡಳು, ತುಳಸಿ ಮೂಸಿದಳು. ಪ್ರಣಾಲಿಯ ಜಾಗದಲ್ಲಿ ರಶೀದ ಅಹ್ಮದರು ಕೂತಿದ್ದರು. ಕಲ್ಲಿನ ಮೇಲೆ ಅರಗಿನಲ್ಲಿ ಕೂರಿಸಿದ ಬಿಲ್ಲೆ, ಅದರಲ್ಲಿ ಹುಡುಗಿ ಅರ್ಧ ಕೆತ್ತಿದ ಬಳ್ಳಿ. ಅವರು ಕಲಮ ಹಿಡಿದು, ಬಿಲ್ಲೆಗೆ ತಾಗದ ಹಾಗೆ ಸುತ್ತಿಗೆ ಆಡಿಸುತ್ತಿದ್ದರು. ಮೇಡಂ ಬಗ್ಗಿ ನೋಡಿ ಉದ್ಗಾರ ತೆಗೆದಳು.

ಆಮೇಲೆ ಶಾಲುಬಾಯಿಯ ಮುಂದೆ ಬಂದು ನಿಂತಳು. ಮೇಡಂ ಬೆನ್ನಿಗೆ ಶೇಟ.

"ನಿಮಗೆ ಮಕ್ಕಳಿದ್ದಾರಾ ಅಮ್ಮಾ? ಏನ್ ಮಾಡ್ತಿದ್ದಾರೆ ಅಂತ ಕೇಳ್ತಿದ್ದಾರೆ," ಎಂದಳು ಬೆಂಗಳೂರಿನ ಹುಡುಗಿ. ಮಾತು ಮೃದುವಾಗಿತ್ತು.

ಶೇಟ ಹುಬ್ಬು ಏರಿಸಿದ. ಶಾಲುಬಾಯಿ ಕಣ್ಣು ಕೆಳಗೆ ಹಾಕಿ ಒಂದೇ ಉಸಿರಿಗೆ ಅಂದಳು:

"ಒಬ್ಬಾಕಿ ಮಗಳ್ರಿ. ಆಕಿ ಕೈಯಾಗ ಕಲಮ ಕೊಟ್ಟಾರ್ರಿ. ಹೊತ್ತು ಹೊಂಟಾಗ ಹಿಡದ್ರ ಹೊತ್ತು ಮುಳಗೋತನಕ ಕಲಮ ಬಿಡಂಗಿಲ್ರಿ. ಬೆರಳು ಬಾತಾವ್ರಿ. ಕಣ್ಣಾಗ ನೀರು ಬರ್ತಾವ್ರಿ. ಆದ್ರೂ ಬಿಡಂಗಿಲ್ಲ. ನೀವೇ ನೋಡ್ರಿ ಬಾಯಿ, ನಿಮ್ಮ ಕಾಲಿಗಿ ಬೀಳ್ತೇನಿ."

ಶೇಟನ ಮುಖದಲ್ಲಿ ರಕ್ತ ಇಲ್ಲದಾಯಿತು. ಇಮಾಮಬೀಯ ಕೈ ನಿಂತಿತು.

ಬೆಂಗಳೂರಿನ ಹುಡುಗಿಯ ಕಣ್ಣು ಹೊಳೆದವು. ಅವಳು ಮೇಡಂ ಕಡೆ ತಿರುಗಿ ಇಂಗ್ಲಿಷಿನಲ್ಲಿ ಬಡಬಡ ಹೇಳಿದಳು, ಗಾಳಿಯಲ್ಲಿ ಬೆರಳಾಡಿಸಿ ಬರೆಯುವ ಹಾಗೆ ತೋರಿಸಿದಳು. ಮೇಡಂ ಎದೆಯ ಮೇಲೆ ಕೈ ಇಟ್ಟುಕೊಂಡಳು. ಜೊತೆಗೆ ಬಂದಿದ್ದವರು ಚಪ್ಪಾಳೆ ತಟ್ಟಿದರು.

"ಮಗಳು ಅಷ್ಟು ಓದ್ತಾಳಾ ಅಮ್ಮಾ? ಬರೆದು ಬರೆದು ಬೆರಳು ಊದಿಕೊಂಡಿದೆಯಾ? ಮೇಡಂಗೆ ತುಂಬಾ ಖುಷಿಯಾಯ್ತು. ನಿಮ್ಮಂಥ ತಾಯಿ ಇರಬೇಕು ಅಂತಿದ್ದಾರೆ."

ಶಾಲುಬಾಯಿ ಬಾಯಿ ತೆರೆದಳು. ಚಪ್ಪಾಳೆಯ ಸದ್ದು ನಿಂತಿರಲಿಲ್ಲ. ಎಲ್ಲರಿಗಿಂತ ಜೋರಾಗಿ ಈಗ ಶೇಟ ತಟ್ಟುತ್ತಿದ್ದ. ಹತ್ತಿರ ಬಂದು ಅವಳ ಕಿವಿಯಲ್ಲಿ ಅಂದ:

"ಭಾಳ ಶಾಣ್ಯಾಕಿ ಇದ್ದಿ. ನಾ ಕಲಿಸಿದ್ದಕ್ಕಿಂತ ಛಲೋ ಹೇಳ್ದಿ."

"ಅಲ್ರಿ... ಕಲಮ ಅಂದ್ರ..." ಎಂದಳು ಶಾಲುಬಾಯಿ.

"ಪೆನ್ನು. ಗೊತ್ತಾಯ್ತಮ್ಮಾ, ನಂಗೆ ಹಿಂದಿ ಬರುತ್ತೆ," ಎಂದು ಹುಡುಗಿ ನಕ್ಕಳು.

ಅಷ್ಟರಲ್ಲಿ ಶೇಟನ ಆಳು ಪ್ರಣಾಲಿಯನ್ನು ಬಾಗಿಲ ಹೊರಗಿನಿಂದ ಒಳಗೆ ಕರೆತಂದ. ಬೆನ್ನಿಗೆ ಚೀಲ, ಎರಡು ಜಡೆ. ಶಾಲೆಯಿಂದ ಊಟದ ಬಿಡುವಿಗೆ ಬಂದವಳ ಹಾಗೆ. ಮೇಡಂ ಅವಳ ಕೆನ್ನೆ ಸವರಿದಳು. ತನ್ನ ಕೈಚೀಲದಿಂದ ಒಂದು ಪೆನ್ನು ತೆಗೆದಳು. ಕಪ್ಪು ಮೈ, ಬಂಗಾರದ ಬಣ್ಣದ ನಿಬ್ಬು. ಅದನ್ನೂ ಒಂದು ದಪ್ಪ ಕಾರ್ಡನ್ನೂ ಕೊಟ್ಟಳು.

"ನಿನ್ನ ಹೆಸರು ಬರಿ ಪುಟ್ಟಿ. ಮೇಡಂ ತಮ್ಮ ದೇಶಕ್ಕೆ ತಗೊಂಡು ಹೋಗ್ತಾರೆ," ಎಂದಳು ಬೆಂಗಳೂರಿನ ಹುಡುಗಿ.

ಆರನೆಯ ತರಗತಿವರೆಗೆ ಓದಿದವಳು. ಬರೆಯಲು ಬರುತ್ತಿತ್ತು. ಪ್ರಣಾಲಿ ಪೆನ್ನನ್ನು ನೋಡಿದಳು, ಅವ್ವನ ಮುಖ ನೋಡಿದಳು. ಬಾಗಿಲಲ್ಲಿ ನಿಂತು ಅವಳು ಎಲ್ಲ ಕೇಳಿಸಿಕೊಂಡಿದ್ದಳು. ಕಾರ್ಡನ್ನು ಮೇಡಂ ಕೈಗೇ ಮರಳಿ ಕೊಟ್ಟು, ಕಿಟಕಿಯ ಮೂಲೆಗೆ ನಡೆದಳು.

"ಅಲ್ಲ್ಯಾಕ ಹೊಂಟಿ? ಟೇಬಲ್ ಮ್ಯಾಲ ಬರಿ," ಎಂದ ಶೇಟ.

ರಶೀದ ಅಹ್ಮದರು ತಲೆ ಎತ್ತಿದರು. ಪೊರೆ ಬಂದ ಕಣ್ಣಿಗೆ ಎಷ್ಟು ಕಂಡಿತೋ. ಜರುಗಿ ಜಾಗ ಬಿಟ್ಟರು.

ಪ್ರಣಾಲಿ ಲಂಗ ಮಡಚಿ ಕಲ್ಲಿನ ಮುಂದೆ ಕೂತಳು. ಪೆನ್ನನ್ನು ಎಡಗೈಯಲ್ಲಿ ಓರೆಯಾಗಿ ಹಿಡಿದು, ಹೆಬ್ಬೆರಳು ಆನಿಸಿ, ನಿಬ್ಬನ್ನು ಬಿಲ್ಲೆಯ ಮೇಲೆ ಇಟ್ಟಳು. ಬಲಗೈ ನೋಡದೆಯೇ ಸುತ್ತಿಗೆ ಎತ್ತಿಕೊಂಡಿತು.

ಟಕ್.

ನಿಬ್ಬು ಸೀಳಿತು. ಬಿಳಿ ಅಂಗಿಯ ತುಂಬ ಮಸಿ ಹಾರಿತು. ಅವಳು ಮುರಿದ ಪೆನ್ನನ್ನು ಪಕ್ಕಕ್ಕೆ ಇಟ್ಟು, ಉಸ್ತಾದರ ಕೈಯಿಂದ ತನ್ನ ಕಲಮ ತೆಗೆದುಕೊಂಡಳು. ಟಕ್ ಟಕ್ ಟಕ್. ಮಣಿಕಟ್ಟು ತಿರುಗಿತು. ಟಕ್ ಟಕ್. ಅರ್ಧ ಬಿಡಿಸಿದ ಬಳ್ಳಿಯನ್ನು ಅಡ್ಡ ಕಡಿಯುತ್ತ ಕನ್ನಡದ ಅಕ್ಷರಗಳು ಏಳತೊಡಗಿದವು. ಪ್ರ. ಣಾ. ಲಿ.

ಬೆಂಗಳೂರಿನ ಹುಡುಗಿ ಹತ್ತಿರ ಹೋಗಿ ನಿಂತಳು. ಆ ಬೆರಳುಗಳನ್ನು ನೋಡಿದಳು. ಮೆಲ್ಲಗೆ ಶಾಲುಬಾಯಿಯ ಕಡೆ ತಿರುಗಿದಳು.

"ಅಮ್ಮಾ... ನೀವು ಹೇಳಿದ ಕಲಮ..."

"ಅದೇರಿ," ಎಂದಳು ಶಾಲುಬಾಯಿ.

ಮೇಡಂ ಏನೋ ಕೇಳಿದಳು. ಮತ್ತೊಮ್ಮೆ ಕೇಳಿದಳು. ಆ ಹುಡುಗಿಯ ಬಾಯಿಂದ ಯಾವ ಭಾಷೆಯೂ ಹೊರಡಲಿಲ್ಲ.

"ಹುಡುಗರ ಆಟ ಮೇಡಂ, ಆಟ! ನೋಡಿ ನೋಡಿ ಕಲ್ತಾಳ!" ಶೇಟ ನಗುತ್ತಲೇ ಇದ್ದ. ನಗುತ್ತಲೇ ಶಾಲುಬಾಯಿಯ ಪಕ್ಕಕ್ಕೆ ಬಂದು ಹಲ್ಲಿನ ಸಂದಿಯಿಂದ ಅಂದ: "ನಿಲ್ಸು ಅನ್ನು ನಿನ್ನ ಮಗಳಿಗಿ. ಇಲ್ಲಂದ್ರ ಸಂಜಿಗಿ ನಿನ್ನ ಗಂಡನ್ನ ಹಾಸಿಗಿ ಸಮೇತ ರೋಡಿಗಿ ಒಗಸ್ತೇನಿ, ರಂಡಿ."

ಪ್ರಣಾಲಿ ಬಾಗಿ ಬಿಲ್ಲೆಯ ಮೇಲಿನ ಪುಡಿ ಊದಿದಳು. ತಲೆ ಎತ್ತದೆ ಕೇಳಿದಳು:

"ಅವ್ವಾ, ಅಡ್ಡಹೆಸರೂ ಹೊಡಿಲ್ಯಾ?"

ಹೆಂಗಸರೆಲ್ಲ ಶಾಲುಬಾಯಿಯನ್ನೇ ನೋಡುತ್ತಿದ್ದರು. ಇಮಾಮಬೀ ಬಾಯಿ ತೆರೆದಿದ್ದಳು. ಬೇಡ ಎನ್ನಲೋ, ಹೂಂ ಎನ್ನಲೋ, ತಿಳಿಯುವಂತಿರಲಿಲ್ಲ.

"ಹೊಡಿ," ಎಂದಳು ಶಾಲುಬಾಯಿ.